ಒಬ್ರು ಕಮ್ಮಿ ಇದ್ದಾರೆ

ಹಾಲ್‌ನಲ್ಲಿ ಇನ್ನೂ ಕುರ್ಚಿ ಹಾಕುತ್ತಿದ್ದಾಗಲೇ ಲೈಟಪ್ಪ ಸುದ್ದಿ ಹೇಳಿದ. ಇವತ್ತಿನ ಮದುವೆಯೇ ಅವನ ಕೊನೆಯ ಕೆಲಸವಂತೆ. ದೂರದ ಯಾವುದೋ ಸ್ಟುಡಿಯೋದವರು ಕರೆದಿದ್ದಾರಂತೆ, ಸಂಜೆ ರೈಲಿಗೆ ಹೊರಡುತ್ತಾನಂತೆ. "ಒಳ್ಳೇದಾಯ್ತು ಬಿಡಿ" ಎಂದೆ. ಎದೆ ಧಸಕ್ಕೆಂದದ್ದು ನನ್ನ ಬಾಯಿಗೆ ಗೊತ್ತಾಗಲೇ ಇಲ್ಲ.

ನಾನು ಮದುವೆ ಫೋಟೋಗ್ರಾಫರ್. ಲೈಟಪ್ಪ ನನ್ನ ಜೊತೆ ಲೈಟ್ ಹಿಡಿಯುವವನು, ಆ ಹೆಸರಿಟ್ಟವಳೂ ನಾನೇ. ಫ್ರೇಮಿನಲ್ಲಿ ಎಲ್ಲಾದರೂ ಒಂದು ನೆರಳು ಬಿದ್ದರೆ ಆ ದಿನ ಅವನಿಗೆ ಊಟ ಸೇರುವುದಿಲ್ಲ. ಬಿಸಿ ಬಲ್ಬ್ ಮುಟ್ಟಿ ಮುಟ್ಟಿ ಅವನ ಬಲಗೈ ಹೆಬ್ಬೆರಳು ಒರಟಾಗಿದೆ. ಬ್ಯಾಟರಿ ಕೊಡುವಾಗೆಲ್ಲ ಅದು ನನ್ನ ಅಂಗೈಗೆ ತಾಗುತ್ತದೆ. ಸುಮ್ಮಸುಮ್ಮನೆ ಬ್ಯಾಟರಿ ಬದಲಾಯಿಸಿದ ದಿನಗಳೂ ಇವೆ.

ಇವತ್ತು ನನ್ನ ತಂಗಿಯದೇ ಮದುವೆ. ಬೇರೆ ಯಾರನ್ನಾದರೂ ಕರೆಸೋಣ, ನೀನು ಆರಾಮಾಗಿ ಓಡಾಡಿಕೊಂಡಿರು ಎಂದು ಅಮ್ಮ ಹೇಳಿದ್ದಳು. ನಾನು ಒಪ್ಪಲಿಲ್ಲ. ನನ್ನ ಕ್ಯಾಮೆರಾವನ್ನೇ ಇನ್ನೊಬ್ಬರ ಕೈಗೆ ಕೊಡದವಳು ತಂಗಿಯ ಮದುವೆ ಕೊಡುತ್ತೇನೆಯೇ?

ಮದುಮಕ್ಕಳು ಬರುವ ಮೊದಲು ನಮ್ಮದೊಂದು ಟೆಸ್ಟ್ ಫ್ರೇಮ್ ಇರುತ್ತದೆ. ಮದುಮಗನ ಜಾಗದಲ್ಲಿ ಅವನು, ಮದುಮಗಳ ಜಾಗದಲ್ಲಿ ನಾನು, ಬೆನ್ನ ಹಿಂದೆ ನನ್ನ ಕೈಯಲ್ಲಿ ರಿಮೋಟು. ಇಬ್ಬರ ಮುಖಕ್ಕೂ ಬೆಳಕು ಸಮನಾಗಿದೆಯೇ ನೋಡಿ ಅಳಿಸಿಬಿಡುತ್ತೇನೆ. ಹೀಗೆ ಎಷ್ಟೋ ವೇದಿಕೆಗಳ ಮೇಲೆ ನಾವಿಬ್ಬರೂ ಒಂದು ಗಳಿಗೆ ಗಂಡಹೆಂಡಿರಾಗಿದ್ದೇವೆ. ಅಳಿಸುವವಳು ಯಾವಾಗಲೂ ನಾನೇ.

"ಈ ಸಲನಾದ್ರೂ ನಗಿ ಮೇಡಂ, ಕೊನೇ ಟೆಸ್ಟು" ಎಂದ ಲೈಟಪ್ಪ.

ನಕ್ಕೆ. ರಿಮೋಟ್ ಒತ್ತಿ ಕ್ಯಾಮೆರಾದ ಬಳಿ ಬಂದು ನೋಡಿದೆ.

ಅವನೊಬ್ಬನೇ ಇದ್ದ. ಭುಜವನ್ನು ತುಸು ಬಾಗಿಸಿ ಪಕ್ಕದಲ್ಲಿ ಯಾರನ್ನೋ ನೋಡಿ ನಗುತ್ತಿದ್ದ. ಅವನು ನೋಡುತ್ತಿದ್ದ ಕಡೆ ಬರೀ ಹೂವಿನ ಪರದೆ. ಮತ್ತೊಮ್ಮೆ ನಿಂತು ತೆಗೆದೆ. ಮತ್ತೆ ಅದೇ ನಗು, ಅದೇ ಖಾಲಿ ಜಾಗ. ಹೇಗೆ ಬಂದಿದೆ ಎಂದು ಲೈಟಪ್ಪ ಬೆನ್ನ ಹಿಂದೆ ಬಂದು ಇಣುಕಿದ. ಬೆಳಕು ಸರಿಯಾಗಿದೆ ಎಂದು ಸ್ಕ್ರೀನ್ ಆರಿಸಿದೆ. ಸುಳ್ಳೇನೂ ಹೇಳಲಿಲ್ಲ.

ಕ್ಯಾಮೆರಾಗೆ ಏನೋ ಆಗಿದೆ ಅಂದುಕೊಂಡು ತಂಗಿಯ ಕೋಣೆಗೆ ಹೋದೆ. ಅವಳು ಕನ್ನಡಿಯ ಮುಂದೆ ಕೂತು ಓಲೆ ಹಾಕಿಕೊಳ್ಳುತ್ತಿದ್ದಳು. ಕನ್ನಡಿಯಲ್ಲಿ ನಾವು ಕಾಣದ ಹಾಗೆ ಓರೆಯಾಗಿ ನಿಲ್ಲುವುದು ನಮ್ಮ ಕಸುಬಿನ ಮೊದಲ ಪಾಠ. ಗಡಿಬಿಡಿಯಲ್ಲಿ ಅದನ್ನು ಮರೆತು ಅವಳ ಬೆನ್ನ ಹಿಂದೆಯೇ ನಿಂತಿದ್ದೆ. ಕನ್ನಡಿಯಲ್ಲಿ ತಂಗಿಯಿದ್ದಳು, ಹಿಂದೆ ಬಾಗಿಲಿತ್ತು, ಬಾಗಿಲಿಗೆ ಹಾಕಿದ ನೀಲಿ ಟವೆಲ್ಲಿತ್ತು. ನಾನು ಅಡ್ಡ ನಿಂತಿದ್ದರೂ ಟವೆಲ್ ಪೂರ್ತಿ ಕಾಣುತ್ತಿತ್ತು.

"ಅಕ್ಕ ಎಲ್ಲಿ? ಬೆಳಿಗ್ಗೆಯಿಂದ ಕಂಡೇ ಇಲ್ಲ" ಎಂದು ತಂಗಿ ಬಾಗಿಲ ಕಡೆ ಕೂಗಿದಳು.

"ಇಲ್ಲೇ ಇದ್ದೀನಲ್ಲೇ."

ಅವಳು ಬೆಚ್ಚಿದ ಭರಕ್ಕೆ ಓಲೆ ಕೆಳಗೆ ಬಿತ್ತು. ತಿರುಗಿ ನನ್ನ ಮುಖ ಹುಡುಕಿದಳು. ಅವಳ ಕಣ್ಣು ಕ್ಯಾಮೆರಾದ ತನಕ ಬಂದು ಅಲ್ಲೇ ನಿಂತಿತು. ಹೀಗೆಲ್ಲ ಹೆದರಿಸಬೇಡ ಎಂದು ಲೆನ್ಸಿಗೆ ಬೈದಳು.

ಹೊರಗೆ ಬಂದು ನೀರು ಕುಡಿದೆ, ಗಂಟಲು ತಣ್ಣಗಾಯಿತು. ಕುರ್ಚಿಗೆ ಮೊಣಕಾಲು ಬಡಿದುಕೊಂಡೆ, ಜೀವ ಹೋಗುವಷ್ಟು ನೋವಾಯಿತು. ಸತ್ತವರ ಮೊಣಕಾಲು ನೋಯಲಾರದು ಎಂದು ಸಮಾಧಾನ ಮಾಡಿಕೊಂಡೆ.

ಆದರೂ ಭಯ ಹೋಗಲಿಲ್ಲ. ಕ್ಯಾಮೆರಾ ಎತ್ತಿದರೆ ನೆಂಟರೆಲ್ಲ ನಗುತ್ತಿದ್ದರು. ಇಳಿಸಿದ ಕೂಡಲೇ ಅವರ ನೋಟ ನನ್ನನ್ನು ಹಾಯ್ದು ಹಿಂದಿನ ಗೋಡೆಗೆ ಹೋಗುತ್ತಿತ್ತು. ದೊಡ್ಡಮ್ಮ ನನ್ನ ಮಗ್ಗುಲಲ್ಲೇ ನಿಂತು, ಒಡಹುಟ್ಟಿದ ತಂಗಿಯ ಮದುವೆಗೂ ದೊಡ್ಡವಳು ಬರಲಿಲ್ಲವಲ್ಲ ಎಂದು ಯಾರದೋ ಕಿವಿಯಲ್ಲಿ ಹೇಳಿದರು. ಆಗ ಹೊಳೆಯಿತು. ನಾನು ಕ್ಯಾಮೆರಾ ಕೊಂಡ ಮೇಲಿನ ಒಂದು ಫೋಟೋದಲ್ಲೂ ನಾನಿಲ್ಲ. ನಮ್ಮ ಮನೆಯ ಗೋಡೆಯಲ್ಲಿ, ಆಲ್ಬಮ್ಮಿನಲ್ಲಿ, ಅಮ್ಮನ ಪರ್ಸಿನಲ್ಲಿ ಎಲ್ಲೂ ಇಲ್ಲ. ಅದು ಯಾರ ಗಮನಕ್ಕೂ ಬಂದಿರಲಿಲ್ಲ, ನನಗೂ ಬಂದಿರಲಿಲ್ಲ.

ಲೈಟಪ್ಪ ಮಾತ್ರ ಹಾಲ್‌ನ ಆ ತುದಿಯಿಂದ ನನ್ನನ್ನು ನೋಡುತ್ತಿದ್ದ. ಹುಬ್ಬೆತ್ತಿ, ಊಟ ಆಯ್ತಾ ಎಂದು ಸನ್ನೆ ಮಾಡುತ್ತಿದ್ದ. ನಾನು ಮೂತಿ ತಿರುಗಿಸಿದರೆ ಬೇಕೆಂದೇ ನನ್ನ ಮುಖಕ್ಕೆ ಲೈಟ್ ಬಿಟ್ಟು ನಗುತ್ತಿದ್ದ. ಅವನು ನೋಡಿದಾಗಲಷ್ಟೇ ನನ್ನ ಕಾಲು ನೆಲಕ್ಕೆ ತಾಗಿದಂತಾಗುತ್ತಿತ್ತು. ಸಂಜೆ ಅವನು ಹೊರಟುಹೋದರೆ ನನ್ನನ್ನು ಯಾರು ನೋಡುತ್ತಾರೆ?

ಕೊನೆಗೆ ಮನೆಯವರ ಗ್ರೂಪ್ ಫೋಟೋ ಬಂತು. ಎಲ್ಲರೂ ವೇದಿಕೆ ಹತ್ತಿದರು. ತಂಗಿಯ ಪಕ್ಕ ಒಬ್ಬರು ಹಿಡಿಯುವಷ್ಟು ಜಾಗ ಖಾಲಿ ಉಳಿದಿತ್ತು. ಒತ್ತಿ ನಿಲ್ಲಿ ಎಂದೆ. ಒತ್ತಿ ನಿಂತರು. ಜಾಗ ಹಾಗೇ ಇತ್ತು. ಇನ್ನೂ ಒತ್ತಿ ಎಂದೆ. ಭುಜಕ್ಕೆ ಭುಜ ತಾಗಿಸಿ ನಿಂತರೂ ಆ ಸಂದು ಒಂದಿಷ್ಟೂ ಕಿರಿದಾಗಲಿಲ್ಲ. ಅಲ್ಲೊಂದು ಸಂದು ಇದೆ ಎಂದು ಅವರಿಗೆ ಗೊತ್ತಿದ್ದಂತೆಯೂ ಇರಲಿಲ್ಲ.

"ನಮ್ಮನೆಯವ್ರು ಎಲ್ಲಾ ಬಂದಾಯ್ತು. ತೆಗೀರಿ" ಎಂದಳು ಅಮ್ಮ.

ಅಮ್ಮ ನನಗೆ ಬಹುವಚನ ಹಚ್ಚಿದ್ದು ಹುಟ್ಟಿದಂದಿನಿಂದ ಅದೇ ಮೊದಲು. ಕ್ಯಾಮೆರಾದ ಕಿಂಡಿಯೊಳಗೆ ಎಲ್ಲ ಮಂಜಾಯಿತು. ನಾನು ಅಳುತ್ತಿದ್ದೆ.

"ಎಲ್ಲಿ ಬಂದ್ರು ಅಮ್ಮಾ? ಒಬ್ರು ಕಮ್ಮಿ ಇದ್ದಾರೆ."

ಲೈಟಪ್ಪನ ದನಿ. ಲೈಟನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಅವನು ನನ್ನ ಮುಂದೆ ಬಂದು ಕೈಚಾಚಿದ. ಕೆಲಸದ ನಡುವೆ ಅವನು ಲೈಟ್ ಬಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ.

"ಕ್ಯಾಮೆರಾ ಕೊಡಿ."

"ಕೊಡಲ್ಲ."

"ಗೊತ್ತು. ಆದ್ರೂ ಕೊಡಿ." ಅವನ ದನಿ ತಗ್ಗಿತು. "ಬೆಳಿಗ್ಗೆ ಆ ಸ್ಕ್ರೀನ್ ನಾನೂ ನೋಡ್ದೆ, ಮೇಡಂ. ಅದು ಏನಾದ್ರೂ ತೋರಿಸ್ಲಿ. ನೀವು ನನ್ ಪಕ್ಕದಲ್ಲೇ ಇದ್ರಿ."

ಕ್ಯಾಮೆರಾದ ಪಟ್ಟಿಯನ್ನು ಕತ್ತಿನಿಂದ ತೆಗೆದೆ. ಕ್ಯಾಮೆರಾ ಅವನ ಕೈಗಿಟ್ಟೆ. ವೇದಿಕೆ ಹತ್ತಿ ಆ ಸಂದಿನಲ್ಲಿ ನಿಂತೆ. ಅಳತೆ ತೆಗೆದು ಹೊಲಿದ ಬಟ್ಟೆಯ ಹಾಗೆ ನನಗೆ ಸರಿಯಾಗಿತ್ತು. ಅವನು ಎರಡೂ ಕೈಯಲ್ಲಿ ಕ್ಯಾಮೆರಾ ಹಿಡಿದು ಕಣ್ಣಿಗೊತ್ತಿಕೊಂಡ. ಕ್ಲಿಕ್ ಆಗುವ ಹೊತ್ತಿಗೆ ಯಾರೋ ನನ್ನ ಕೈ ಹಿಡಿದರು. ತಂಗಿಯೇ ಇರಬೇಕು ಎಂದು ನಾನೂ ಬಿಗಿಯಾಗಿ ಹಿಡಿದುಕೊಂಡೆ.

ಅಮ್ಮ ಥಟ್ಟನೆ ತಿರುಗಿ ಬಂದು ನನ್ನ ಕೆನ್ನೆ ಸವರಿದಳು. "ಏನೇ ಇದು, ಇಷ್ಟು ಬಡವಾಗಿದ್ದೀಯಾ?"

ಎಲ್ಲರೂ ಊಟಕ್ಕೆ ಹೊರಟರು. ನಾನು ಅವನ ಬಳಿ ಹೋದೆ. ಫೋಟೋದಲ್ಲಿ ನಾನು ಇದ್ದೇನೆಯೇ ಎಂದು ಕೇಳಿದೆ. ಅವನು ಸ್ಕ್ರೀನ್ ನೋಡಿಯೇ ಇರಲಿಲ್ಲ.

"ನೋಡೋದೇನಿದೆ? ನಿಮ್ಮನ್ನ ನೋಡ್ತಾನೇ ತೆಗ್ದಿದ್ದು."

"ಹೋಗ್ಬೇಡ" ಎಂದೆ. "ನೀನು ಹೋದ್ರೆ ನಾನು ಇರಲ್ಲ. ನಂಗೆ ನೀನು ಬೇಕು. ತುಂಬಾ ದಿನದಿಂದ ಬೇಕು."

ಅವನು ಬಹಳ ಹೊತ್ತು ನನ್ನನ್ನೇ ನೋಡಿದ.

"ಬೆಳಿಗ್ಗೆನೇ ಹೇಳಿದ್ರೆ ಆಗ್ಲೇ ಬ್ಯಾಗ್ ಬಿಚ್ಚಿಡ್ತಿದ್ದೆ. ನೀನು 'ಒಳ್ಳೇದಾಯ್ತು ಬಿಡಿ' ಅಂದೆ."

ನಗುತ್ತ, ಕಣ್ಣೊರೆಸಿಕೊಳ್ಳುತ್ತ ಕ್ಯಾಮೆರಾ ತೆಗೆದುಕೊಂಡು ನೋಡಿದೆ. ಫೋಟೋದಲ್ಲಿ ನಾನಿದ್ದೆ. ಕಣ್ಣು ಕೆಂಪಾಗಿತ್ತು, ಕೂದಲು ಕೆದರಿತ್ತು, ಆದರೂ ಇದ್ದೆ. ತಂಗಿ ಎರಡೂ ಕೈಯಲ್ಲಿ ಹೂಗುಚ್ಛ ಹಿಡಿದಿದ್ದಳು. ಅಮ್ಮ ಅವಳ ಆಚೆ ಬದಿಯಲ್ಲಿದ್ದಳು. ನನ್ನ ಈ ಪಕ್ಕದಲ್ಲಿ ಪರದೆಯ ಮೇಲೆ ಒಂದು ನೆರಳು ನಿಂತಿತ್ತು. ಎಂದೂ ಒಂದು ನೆರಳನ್ನೂ ಉಳಿಸದವನ ಫ್ರೇಮಿನಲ್ಲಿ, ಭುಜವನ್ನು ತುಸು ಬಾಗಿಸಿ ನಿಂತ ನೆರಳು. ನನ್ನ ಕೈ ಅದರ ಕೈಯೊಳಗಿತ್ತು.

ಏನಾಯ್ತು ಎಂದು ಲೈಟಪ್ಪ ನನ್ನ ಕೈ ಹಿಡಿದ. ಒರಟು ಹೆಬ್ಬೆರಳು ನನ್ನ ಅಂಗೈಗೆ ತಾಗಿತು. ವೇದಿಕೆಯ ಮೇಲೆ ತಾಗಿದ್ದೂ ಇದೇ.

ಏನಿಲ್ಲ, ಬೆಳಕು ಸರಿಯಾಗಿದೆ ಎಂದೆ. ಆ ಫ್ರೇಮನ್ನು ಅಳಿಸಲಿಲ್ಲ.