ಮದಲೇನಮ್ಮನ ಸೊಟ್ಟ ಕುರಿಮರಿ

ಬಹಳ ಬಹಳ ಹಿಂದೆ, ಬೆಟ್ಟಗಳ ಆಚೆ, ಬೆಳ್ಳಿಕೆರೆ ಎಂಬ ರಾಜ್ಯವಿತ್ತು. ಅರುಳರಾಯ ಅದರ ಅರಸ. ಅರಮನೆಯ ಪಕ್ಕದಲ್ಲೇ ಇಗರ್ಜಿ. ಅಲ್ಲಿನ ಜನಕ್ಕೆ ಪ್ರಾರ್ಥನೆ ಎಂದರೆ ಬರೀ ಬಾಯಿಮಾತಲ್ಲ. ಹಾಡುತ್ತಿದ್ದರು, ತಮಟೆ ಬಡಿಯುತ್ತಿದ್ದರು, ಹಬ್ಬ ಬಂದರೆ ಕುಣಿಯುತ್ತಿದ್ದರು. ಇಗರ್ಜಿಯ ಗೋಡೆಗಳ ಮೇಲೆ ಯೇಸುಸ್ವಾಮಿಯ ಕತೆಯನ್ನೆಲ್ಲ ಚಿತ್ರವಾಗಿ ಬರೆದವಳು ಮದಲೇನಮ್ಮ. ಅವಳು ಬರೆದ ಮೀನು ನೋಡಿ ಬೆಕ್ಕುಗಳು ಗೋಡೆ ಪರಚುತ್ತಿದ್ದವು.

ಒಂದು ವರ್ಷ ಅರಸನ ಒಬ್ಬನೇ ಮಗ ಜ್ವರದಲ್ಲಿ ತೀರಿಕೊಂಡ. ಮಣ್ಣು ಮಾಡುವಾಗ ಜನ ಹಾಡಿದ ಹಾಡು ಅರಸನ ಎದೆಯಲ್ಲೇ ಉಳಿಯಿತು. ಎಲ್ಲಿ ಹಾಡು ಕೇಳಿದರೂ ಅವನಿಗೆ ಅಳು. ಇದು ಕರಿಗುಡ್ಡದ ಮಾಂತ್ರಿಕ ಬೂದಿಗಣ್ಣನ ಕಿವಿಗೆ ಬಿತ್ತು. ಅವನು ಅರಮನೆಗೆ ಬಂದ.

"ಹಾಡು, ಬಣ್ಣ, ಕುಣಿತ ಮೂರನ್ನೂ ನನಗೆ ಕೊಟ್ಟುಬಿಡು. ನಿನ್ನ ಅಳು ನಿಲ್ಲಿಸುತ್ತೇನೆ."

"ತಗೊಂಡು ಹೋಗು," ಎಂದ ಅರಸ.

ಮಾಂತ್ರಿಕ ಚೀಲ ಬಿಚ್ಚಿದ. ಗೋಡೆಗಳು ಬೋಳಾದವು. ತಮಟೆ ಬಡಿದರೆ ಸದ್ದಿಲ್ಲ. ಅರಸನ ಅಳು ನಿಂತಿತು. ಜೊತೆಗೆ ಮಗನ ಮುಖವೂ ಮರೆತುಹೋಯಿತು.

ಜನ ಇಗರ್ಜಿಗೆ ಬರುತ್ತಿದ್ದರು, ಕೂರುತ್ತಿದ್ದರು, ಎದ್ದು ಹೋಗುತ್ತಿದ್ದರು. ಆ ದಿನಗಳಲ್ಲೇ ಮದಲೇನಮ್ಮನ ತಂಗಿ ಆರೋಗ್ಯಮ್ಮ ಹೆತ್ತಳು. ಕೂಸು ಹಾಲು ಕುಡಿಯುವ ಮೊದಲೇ ಹೋಯಿತು. ಅವಳು ಇಗರ್ಜಿಯ ಪೀಠದ ಮುಂದೆ ಕಲ್ಲಿನ ಹಾಗೆ ಕೂತಳು.

"ಅಕ್ಕಾ, ದೇವರ ಹತ್ರ ಏನಂತ ಹೇಳ್ಲಿ? ಮಾತೂ ಬರ್ತಿಲ್ಲ, ಅಳೂ ಬರ್ತಿಲ್ಲ."

ಮದಲೇನಮ್ಮ ಒಲೆಯಿಂದ ಒಂದು ಇದ್ದಿಲು ತೆಗೆದು ಸೆರಗಿಗೆ ಕಟ್ಟಿಕೊಂಡಳು. ಕರಿಗುಡ್ಡದ ದಾರಿ ಹಿಡಿದಳು.

ಗುಡ್ಡದ ಬುಡದಲ್ಲಿ ದಾರಿಗೆ ಅಡ್ಡವಾಗಿ ಕಲ್ಲಾನೆ ನಿಂತಿತ್ತು. "ಮಾಂತ್ರಿಕ ನನ್ನ ಮರಿಯನ್ನು ಪುಡಿ ಮಾಡಿ ಮಣ್ಣಾಗಿಸಿದ. ಮರಿ ಕೊಟ್ಟರೆ ದಾರಿ ಬಿಡುತ್ತೇನೆ," ಎಂದಿತು. ಮದಲೇನಮ್ಮ ಪಕ್ಕದ ಬಂಡೆಯ ಮೇಲೆ ಇದ್ದಿಲಿನಲ್ಲಿ ಆನೆಮರಿ ಬರೆದಳು. ಕಲ್ಲಾನೆ ದಾರಿ ಬಿಟ್ಟು ಹೋಗಿ ಆ ಬಂಡೆಗೆ ಒರಗಿ ಮಲಗಿತು.

ಮುಂದೆ ಹೊಳೆ. ಹೊಳೆಯಲ್ಲಿ ಮೊಸಳೆ. "ಹಾಡು, ದಾಟಿಸುತ್ತೇನೆ," ಎಂದಿತು. ಗೊತ್ತಿದ್ದ ಹಾಡುಗಳೆಲ್ಲ ಚೀಲದಲ್ಲಿದ್ದವು. ತಂಗಿಗೆ ಆದದ್ದನ್ನೇ ಅವಳು ರಾಗ ಎಳೆದು ಹೇಳಿದಳು.

"ನಿನ್ನ ದನಿ ಚೆನ್ನಾಗಿಲ್ಲ," ಎಂದಿತು ಮೊಸಳೆ.

"ನಂಗೂ ಗೊತ್ತು."

"ಇರಲಿ, ಹತ್ತು." ಅದರ ಕಣ್ಣಲ್ಲಿ ಇದ್ದದ್ದು ನಿಜವಾದ ನೀರು.

ಗುಡ್ಡದ ತುದಿಯಲ್ಲಿ ಬೂದಿಗಣ್ಣನ ಗವಿ. ಒಳಗೆ ಬೆಳ್ಳಿಕೆರೆಯ ಬಣ್ಣಗಳೆಲ್ಲ ಕುಡಿಕೆಗಳಲ್ಲಿ ಹೊಳೆಯುತ್ತಿದ್ದವು. ಹಾಡು, ಕುಣಿತಗಳ ಚೀಲ ಮೂಲೆಯಲ್ಲಿ ಮಿಸುಕುತ್ತಿತ್ತು.

"ಬಾ, ನಿನ್ನಂಥವಳಿಗೇ ಕಾಯುತ್ತಿದ್ದೆ," ಎಂದ ಮಾಂತ್ರಿಕ. "ಇಲ್ಲಿ ಬರೆ. ಇಲ್ಲಿ ಬಣ್ಣ ಮಾಸುವುದಿಲ್ಲ. ಮೇಣದ ಹೊಗೆಯಿಲ್ಲ, ಮಕ್ಕಳ ಎಣ್ಣೆಗೈ ಇಲ್ಲ."

ಮದಲೇನಮ್ಮನಿಗೆ ಆಸೆಯಾಯಿತು. ಅವಳು ಕುಂಚ ಹಿಡಿದಳು, ಬರೆದಳು. ಅಷ್ಟು ಚಂದ ಅವಳು ಹಿಂದೆ ಯಾವತ್ತೂ ಬರೆದಿರಲಿಲ್ಲ. ಬರೆದು ಮುಗಿಸಿ ಸುತ್ತ ನೋಡಿದಳು.

"ಇದನ್ನ ನೋಡೋಕೆ ಯಾರು ಬರ್ತಾರೆ?"

"ಯಾರೂ ಇಲ್ಲ. ನಾನೊಬ್ಬನೇ."

ಅವಳು ಕುಂಚ ಕೆಳಗಿಟ್ಟಳು. "ನಮ್ಮದನ್ನ ನಮಗೆ ಕೊಡು."

ಮಾಂತ್ರಿಕ ನಕ್ಕ. "ನಿಮ್ಮ ದೇವರಿಗೆ ಚಿತ್ರ ಯಾಕೆ ಬೇಕು? ಹಾಡು ಯಾಕೆ ಬೇಕು?"

"ಆತನಿಗೆ ಬೇಡದೆ ಇರಬಹುದು. ಕೊಡದೆ ನಮಗೆ ಇರೋಕಾಗಲ್ಲ."

"ಹಾಗಾದರೆ ನಿನ್ನ ಕೈಚಳಕ ನನಗೆ ಕೊಡು. ಎಲ್ಲವನ್ನೂ ಬಿಟ್ಟುಬಿಡುತ್ತೇನೆ." ಇವಳು ಒಪ್ಪುವುದಿಲ್ಲ ಎಂಬ ಧೈರ್ಯ ಅವನಿಗೆ.

ಮದಲೇನಮ್ಮ ತನ್ನ ಕೈ ನೋಡಿಕೊಂಡಳು. ತಂಗಿಯ ಮುಖ ಕಣ್ಣ ಮುಂದೆ ಬಂತು. "ತಗೋ," ಎಂದಳು.

ಆಡಿದ ಮಾತಿಗೆ ಮಾಂತ್ರಿಕರೂ ತಪ್ಪುವಂತಿಲ್ಲ. ಅವಳ ಕೈ ಭಾರವಾಯಿತು, ಚೀಲದ ಗಂಟು ತಾನಾಗಿ ಬಿಚ್ಚಿತು. ಹಾಡುಗಳು ಹಕ್ಕಿಗಳ ಹಾಗೆ ಹಾರಿದವು, ಅವುಗಳ ಬೆನ್ನಿಗೇ ಬಣ್ಣಗಳು ಹರಿದವು. ಬೂದಿಗಣ್ಣ ಗಾಬರಿಯಾದ. ಅವುಗಳನ್ನು ಅಟ್ಟಿ ಹಿಡಿಯಲು, ಗುಡ್ಡ ಇಳಿಯುವ ಅಡ್ಡದಾರಿಗೆಂದು, ಅವಳ ಇದ್ದಿಲು ಕಿತ್ತುಕೊಂಡು ಹೊಸ ಕೈಚಳಕದಿಂದ ಬಂಡೆಯ ಮೇಲೆ ಒಂದು ಬಾಗಿಲು ಬರೆದ. ತೆರೆದು ಒಳಗೆ ಓಡಿದ. ಬಾಗಿಲು ಮುಚ್ಚಿತು. ಅದಕ್ಕೆ ಒಳಗಡೆ ಚಿಲಕ ಬರೆದಿರಲಿಲ್ಲ. ಅವನೂ ಬರಲಿಲ್ಲ, ಅವಳ ಕೈಚಳಕವೂ ಬರಲಿಲ್ಲ.

ಮದಲೇನಮ್ಮ ಊರು ಸೇರುವಾಗ ಇಗರ್ಜಿಯಲ್ಲಿ ಜನ ಹಾಡುತ್ತಿದ್ದರು. ಆರೋಗ್ಯಮ್ಮ ನೆಲಕ್ಕೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅರಸ ಅವಳ ಪಕ್ಕದಲ್ಲೇ ಕೂತು, ಸತ್ತ ಮಗನ ಹೆಸರು ಹಿಡಿದು ಕರೆಯುತ್ತ ಅಳುತ್ತಿದ್ದ. ಅತ್ತು ಮುಗಿದ ಮೇಲೆ ಇಬ್ಬರೂ ಹಾಡಿಗೆ ದನಿಗೂಡಿಸಿದರು.

ಯೇಸುಸ್ವಾಮಿ ಸಾವನ್ನು ಗೆದ್ದು ಎದ್ದ ಪಾಸ್ಕ ಹಬ್ಬ ಬಂತು. ಪೀಠದ ಹಿಂದಿನ ಹೊಸ ಗೋಡೆಗೆ ಮದಲೇನಮ್ಮ ಯೇಸುಸ್ವಾಮಿಯ ಗುರುತಾದ ಕುರಿಮರಿ ಬರೆದಳು. ಕಾಲುಗಳು ಒಂದೊಂದು ಅಳತೆ, ಒಂದು ಕಿವಿ ಬಾಲದಷ್ಟು ಉದ್ದ.

ಅವಳು ನಾಚಿಕೊಂಡು, "ಸ್ವಾಮಿ, ಸುಣ್ಣ ಬಳಿದುಬಿಡಿ," ಎಂದಳು.

ಇಗರ್ಜಿಯ ಗುರುಗಳು ಬಾಯಿ ತೆರೆಯುವ ಮೊದಲೇ ಆರೋಗ್ಯಮ್ಮ ಮುಂದೆ ಬಂದು ಆ ಕುರಿಮರಿಯ ಕೆಳಗೆ ಮೇಣದಬತ್ತಿ ಹಚ್ಚಿಟ್ಟಳು. ಅವಳ ಹಿಂದೆ ಅರಸ ಹಚ್ಚಿದ. ಆಮೇಲೆ ಊರಿಗೆ ಊರೇ ಸಾಲು ನಿಂತಿತು.

ಬೆಳ್ಳಿಕೆರೆಯ ಜನ ಮುಂದೆಯೂ ಅತ್ತರು, ನಕ್ಕರು, ಕುಣಿದರು, ಸುಖವಾಗಿ ಬಾಳಿದರು. ಮದಲೇನಮ್ಮ ಬರೆಯುತ್ತಲೇ ಇದ್ದಳು, ಸೊಟ್ಟಸೊಟ್ಟಗೆ.