ಕೆಂಪು ಸೈಕಲ್ಲಿನ ಕೊಕ್ಕೆ

ಮೊದಲು ಕಿರುಚಿದ್ದು ನನ್ನ ಮೊಮ್ಮಗಳು. ಆ ಸದ್ದಿಗೆ ಬೀದಿಯ ನಾಯಿಗಳೆಲ್ಲ ಬೊಗಳುವುದನ್ನೇ ಮರೆತವು. ನಾನು ಮಂಡಿನೋವು ಮರೆತು ಓಡಿದೆ. ಅದುವರೆಗೆ ನಾನು ಓಡಿದ್ದನ್ನು ಕಂಡವರು ಈ ಮನೆಯಲ್ಲಿ ಯಾರೂ ಇರಲಿಲ್ಲ, ಅವತ್ತು ಎಲ್ಲರೂ ಕಂಡರು.

ಗ್ಯಾರೇಜಿನ ನೆಲದ ಮೇಲೆ ಅವಳ ಕೆಂಪು ರೇಸ್ ಸೈಕಲ್ ಬಿದ್ದಿತ್ತು. ಹ್ಯಾಂಡಲ್ ತಿರುಚಿಕೊಂಡಿತ್ತು. ಹ್ಯಾಂಡಲ್ ಕೂರುವ ಕತ್ತಿನ ಹತ್ತಿರ ಫ್ರೇಮು ಸೀಳಿತ್ತು. ಪಕ್ಕದಲ್ಲಿ ಅದನ್ನು ತೂಗುಹಾಕುವ, ಹಸಿರು ಬಣ್ಣ ಬಳಿದ ಕಬ್ಬಿಣದ ಕೊಕ್ಕೆ, ಕೊಕ್ಕೆಯ ಎರಡು ಸ್ಕ್ರೂ.

ನಾಡಿದ್ದೇ ರೇಸು. ಅದರಲ್ಲಿ ಗೆದ್ದರೆ ತಂಡಕ್ಕೆ ಆಯ್ಕೆ, ಸೋತರೆ ಮನೆ. ಹುಡುಗಿ ಆ ಸೈಕಲ್ಲನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು.

ಈ ಗ್ಯಾರೇಜಿನ ಬಗ್ಗೆ ಹೇಳಬೇಕು. ನನ್ನ ದೊಡ್ಡ ಮಗ, ಈ ಹುಡುಗಿಯ ಅಪ್ಪ, ಫ್ಯಾಕ್ಟರಿಯಲ್ಲಿ ಸುರಕ್ಷತಾ ಅಧಿಕಾರಿ. ಯಾರ ತಲೆ ಮೇಲೂ ಏನೂ ಬೀಳದಂತೆ, ಯಾರ ಕಾಲಿಗೂ ಏನೂ ತೊಡರದಂತೆ ನೋಡಿಕೊಳ್ಳುವುದೇ ಅವನ ಕೆಲಸ. ಮನೆಯಲ್ಲೂ ಅದೇ. ನೆಲ ಕಾರಿಗೆ, ಉಳಿದದ್ದೆಲ್ಲ ಗೋಡೆಗೆ. ಸೈಕಲ್ಲುಗಳು ಮುಂದಿನ ಚಕ್ರ ಕೊಕ್ಕೆಗೆ ಕೊಟ್ಟು ನೆಟ್ಟಗೆ ನೇತಾಡುತ್ತವೆ. ಬ್ಯಾಟು, ರಾಕೆಟ್ಟು, ಚೆಂಡಿನ ಬಲೆ, ಸುತ್ತಿಗೆ, ಸ್ಕ್ರೂಡ್ರೈವರ್— ಒಂದೊಂದರ ಹಿಂದೆಯೂ ಅದರದೇ ಆಕಾರದಲ್ಲಿ ಕಪ್ಪು ಬಣ್ಣದ ಗೆರೆ. ವಸ್ತು ತೆಗೆದರೂ ಅದರ ನೆರಳು ಗೋಡೆಯ ಮೇಲೆ ಉಳಿದು ನಮ್ಮನ್ನೇ ದಿಟ್ಟಿಸುತ್ತದೆ. ಅಲ್ಲಿ ಸ್ವಲ್ಪ ಹೊತ್ತು ನಿಂತರೆ ನನ್ನ ಸುತ್ತಲೂ ಗೆರೆ ಎಳೆದಾನು ಎಂದು ನನಗೆ ಭಯ.

ಚಿಕ್ಕವನು ಫುಟ್ಬಾಲ್ ಕೋಚು. ಅವನ ಬೂಟು ಒಂದು ಮೆಟ್ಟಿಲ ಮೇಲೆ, ಇನ್ನೊಂದು ಯಾವ ಲೋಕದಲ್ಲೋ. ಆದರೆ ಡ್ರಿಲ್ ಮಷಿನ್ ಅವನದು. ಗೋಡೆಗೆ ಕೊಕ್ಕೆಗಳನ್ನು ಕೂರಿಸಿದವನೂ ಅವನೇ. ಅದೇ ಈಗ ಅವನ ಕುತ್ತಿಗೆಗೆ ಬಂತು.

"ಇವನ ಕೈಗೆ ಡ್ರಿಲ್ ಕೊಡಬೇಡಿ ಅಂತ ಆವತ್ತೇ ಬಡ್ಕೊಂಡೆ" ಎಂದ ದೊಡ್ಡವನು.

"ಇಷ್ಟು ದಿನ ಅಲ್ಲಾಡದ ಕೊಕ್ಕೆ ಇವತ್ತು ತಾನಾಗೇ ಕಳಚ್ಕೊಳ್ತಾ ಅಣ್ಣ?"

"ತಾನಾಗೇ ಕಳಚಿಲ್ಲ ಅಂದ್ರೆ ನೀನೇ ಕಳಚಿದ್ದೀಯ. ನಿನ್ನ ಗೋಲ್ ಬಲೆಗೆ ಈ ಜಾಗ ಬೇಕಾಗಿತ್ತಲ್ಲ."

"ಮಗು ಮುಂದೆ ಬರೋದು ಕೆಲವರಿಗೆ ಸಹಿಸಲ್ಲ ಬಿಡಿ" ಎಂದಳು ಹಿರಿಸೊಸೆ, ಗೋಡೆಯನ್ನು ನೋಡುತ್ತ.

"ಹೆಸರು ಹಿಡಿದೇ ಹೇಳಿ ಅಕ್ಕ" ಎಂದಳು ಕಿರಿಸೊಸೆ. "ಕೆಲವರು ಅಂದ್ರೆ ಈ ಮನೇಲಿ ನಾವಿಬ್ರೇ ತಾನೆ."

ದೊಡ್ಡವನು ಗಾರೆ ಮೇಸ್ತ್ರಿಗೆ ಫೋನ್ ಮಾಡಿದ. "ಗ್ಯಾರೇಜಿಂದ ಅಡುಗೆಮನೆವರೆಗೆ ಒಂದೇ ಗೋಡೆ ಎಬ್ಬಿಸಬೇಕು. ಈಗಲೇ ಬಂದು ಅಳತೆ ತಗೋ."

ಆ ಗೋಡೆ ಎದ್ದರೆ ನನ್ನ ಮಂಚ ಒಂದು ಕಡೆ, ನನ್ನ ಊರುಗೋಲು ಇನ್ನೊಂದು ಕಡೆ. ಎರಡು ಮನೆಯ ನಡುವೆ ನಾನು ಚೆಂಡು. ನಾನೂ ಫೋನ್ ಮಾಡಿದೆ— ನನ್ನ ನಾದಿನಿಗೆ.

ನನ್ನ ಗಂಡನ ತಂಗಿ ಅವಳು. ನಾನು ಕರೆಯುವುದು ಟಾರ್ಚು ಎಂದು. ಜೀವಮಾನವೆಲ್ಲ ಇನ್ಶೂರೆನ್ಸ್ ಕಂಪನಿಯಲ್ಲಿ ಸುಟ್ಟ ಗೋದಾಮು, ಜಜ್ಜಿದ ಲಾರಿ ನೋಡಿದವಳು. ಯಾರಾದರೂ ಅತ್ತರೆ ಕಣ್ಣೀರು ನಿಜಕ್ಕೂ ಒದ್ದೆಯೇ ಎಂದು ಮೊದಲು ಮುಟ್ಟಿ ನೋಡುತ್ತಾಳೆ.

ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ.

"ಸೈಕಲ್ಲನ್ನ ಕೊನೇಲಿ ಮುಟ್ಟಿದ್ದು ಯಾರು?"

"ನಾನು ಅತ್ತೆ" ಎಂದ ದೊಡ್ಡವನು. "ಬೆಳಗ್ಗೆ ಅಭ್ಯಾಸ ಮುಗಿಸಿ ಇವಳು ಅಲ್ಲಿಂದಲೇ ಕಾಲೇಜಿಗೆ ಹೋದಳು. ನಾನು ಸೈಕಲ್ ತಂದು ಕೊಕ್ಕೆಗೆ ಹಾಕಿದೆ."

"ಹೇಗೆ ತಂದೆ?"

"ಕಾರಲ್ಲಿ."

"ಆಮೇಲೆ?"

"ಒಳಗೆ ಹೋದೆ. ಮತ್ತೆ ಗ್ಯಾರೇಜಿಗೆ ಬಂದಿಲ್ಲ."

"ಬಿದ್ದ ಸದ್ದು ಯಾರಿಗೂ ಕೇಳಿಸಲಿಲ್ವಾ?"

"ನನಗೆ ಕೇಳಿಸ್ತು" ಎಂದೆ ನಾನು. "ಬೆಳಗ್ಗೆ. ಭೂಮಿ ಬಾಯಿಬಿಟ್ಟ ಹಾಗೆ. ಕಿರಿಸೊಸೆ ಪಾತ್ರೆ ಇಟ್ಟಳು ಅಂದ್ಕೊಂಡೆ."

"ಬೆಳಗ್ಗೆ ನಾನು ಮನೇಲೇ ಇರಲಿಲ್ಲ ಅತ್ತೆ."

"ಹಾಗಾದ್ರೆ ಹಿರಿಸೊಸೆ ಅಂದ್ಕೊಂಡೆ ಅಂತ ತಿದ್ಕೊಳ್ಳೇ."

ಹಿರಿಸೊಸೆ ನನ್ನನ್ನು ಸುಟ್ಟುಬಿಡುವಂತೆ ನೋಡಿದಳು. ಟಾರ್ಚು ನಗಲಿಲ್ಲ.

"ಅತ್ತಿಗೆ, ಆ ಸದ್ದು ಕಾರು ಬರೋಕೆ ಮುಂಚೆಯೋ ಆಮೇಲೋ?"

"ಕಾರಿನ ಸದ್ದಿನ ಜೊತೆಗೇ ಬಂತು ಕಣೇ."

ಅವಳು ಚಿಕ್ಕವನ ಕಡೆ ತಿರುಗಿದಳು. "ನೀನು?"

"ಮಧ್ಯಾಹ್ನ ಬಂದು ಚೆಂಡಿನ ಬಲೆ ಒಳಗೆಸೆದು ಹೋದೆ. ಸೈಕಲ್ ಮೇಲಿತ್ತೋ ಕೆಳಗಿತ್ತೋ, ತಿರುಗಿ ನೋಡಿಲ್ಲ."

"ನೋಡಿ ಅತ್ತೆ. ಹಸಿ ಸುಳ್ಳು" ಎಂದ ದೊಡ್ಡವನು.

"ನಾನು ಸುಳ್ಳ ಅಂದ್ರೆ ನೀನು—"

"ಬಾಯಿ ಮುಚ್ಚಿ ಇಬ್ಬರೂ."

ಟಾರ್ಚು ತನ್ನ ಟಾರ್ಚು ಹೊತ್ತಿಸಿದಳು. ಕೊಕ್ಕೆ ಇದ್ದ ಜಾಗ ನೋಡಿದಳು. ಅದರ ಕೆಳಗಿನ ನೆಲ ನೋಡಿದಳು. ಸ್ಕ್ರೂಗಳನ್ನು ಅಂಗೈಯಲ್ಲಿ ಉರುಳಿಸಿದಳು. ಗೋಡೆಯ ಮೇಲಿನ ಒಂದೊಂದು ಸಾಮಾನಿಗೂ ಬೆಳಕು ಹಾಯಿಸಿದಳು. ಆಮೇಲೆ ಹೊರಗೆ ಹೋಗಿ, ಗ್ಯಾರೇಜಿನ ಬಾಗಿಲಲ್ಲಿ ನಿಂತು ಕತ್ತೆತ್ತಿದಳು. ಆ ಕತ್ತು ಎತ್ತಿದ್ದು ಎತ್ತಿದ ಹಾಗೇ ಇತ್ತು. ಉಳುಕಿತೇನೋ ಎಂದುಕೊಂಡೆ.

"ಬನ್ನಿ ಇಲ್ಲಿ" ಎಂದಳು. "ಈ ಸೈಕಲ್ ಕೊಕ್ಕೆಯಿಂದ ಬಿದ್ದೇ ಇಲ್ಲ."

ಎಲ್ಲರೂ ಅವಳ ಹತ್ತಿರ ಬಂದರು.

"ಮುಂದಿನ ಚಕ್ರ ಮೇಲೆ ನೇತುಹಾಕಿದ ಸೈಕಲ್ ಬಿದ್ರೆ ಮೊದಲು ನೆಲ ಮುಟ್ಟೋದು ಹಿಂದಿನ ಚಕ್ರ. ಅದಕ್ಕೆ ಒಂದು ಗೀರೂ ಆಗಿಲ್ಲ. ಮುರಿದಿರೋದು ಹ್ಯಾಂಡಲ್. ಇನ್ನು ಕೊಕ್ಕೆ ಇದ್ದ ಜಾಗದ ಕೆಳಗೆ ಏನಿದೆ ನೋಡಿ."

ಅಲ್ಲಿ ನನ್ನ ಖಾಲಿ ಗಾಜಿನ ಜಾಡಿಗಳಿದ್ದವು. ಎಸೆಯಲು ಮನಸ್ಸಿಲ್ಲದೆ ನಾನು ಕೂಡಿಟ್ಟವು, ಒಂದರ ಮೇಲೊಂದು. ದೊಡ್ಡವನು ಅವುಗಳ ಸುತ್ತಲೂ ಗೆರೆ ಎಳೆದಿದ್ದ.

"ಒಂದೂ ಒಡೆದಿಲ್ಲ" ಎಂದಳು ಟಾರ್ಚು.

"ಮತ್ತೆ ಕೊಕ್ಕೆ ಹೇಗೆ ಬಂತು ಕೆಳಗೆ?" ಕೇಳಿದಳು ಹಿರಿಸೊಸೆ.

"ಭಾರಕ್ಕೆ ಕಿತ್ತು ಬಂದಿದ್ರೆ ಗೋಡೆಯೊಳಗೆ ಸ್ಕ್ರೂ ಹಿಡಿದಿರೋ ಪ್ಲಾಸ್ಟಿಕ್ ಬೆಣೆಯೂ ಬರ್ತಿತ್ತು, ಗಾರೆಯೂ ಉದುರ್ತಿತ್ತು. ಬೆಣೆ ಗೋಡೆಯಲ್ಲೇ ಇದೆ. ಯಾರೋ ನಿಧಾನಕ್ಕೆ ತಿರುಗಿಸಿ ಬಿಚ್ಚಿದ್ದಾರೆ. ಬಿಚ್ಚಿದೋರು ಸ್ಕ್ರೂಡ್ರೈವರನ್ನ ಏನು ಮಾಡಿದ್ರು?"

ಅವಳ ಬೆಳಕು ಗೋಡೆಯ ಮೇಲೆ ನಿಂತಿತು. ಸ್ಕ್ರೂಡ್ರೈವರ್ ತನ್ನ ಕಪ್ಪು ಗೆರೆಯೊಳಗೆ ಅಚ್ಚುಕಟ್ಟಾಗಿ ಕೂತಿತ್ತು. ಅದರ ಬಾಯಿಗೆ ಕೊಕ್ಕೆಯ ಹಸಿರು ಬಣ್ಣದ ಚೂರು ಅಂಟಿತ್ತು.

"ಈ ಮನೇಲಿ ಬಿಚ್ಚೋಕೆ ಬರೋರು ಎಲ್ಲರೂ ಇದ್ದೀರಿ. ಆದ್ರೆ ಕಳ್ಳಕೆಲಸ ಮಾಡಿ ಓಡೋ ಗಡಿಬಿಡಿಯಲ್ಲೂ ತೆಗೆದ ಸಾಮಾನನ್ನ ಅದರ ಗೆರೆಯೊಳಗೇ ಇಡೋನು ಒಬ್ಬನೇ."

ಎಲ್ಲರ ತಲೆ ದೊಡ್ಡವನ ಕಡೆ ತಿರುಗಿತು.

"ಏನು ಮಾತು ಅತ್ತೆ ಇದು? ನನ್ನ ಮಗಳ ಸೈಕಲ್ಲನ್ನ ನಾನೇ ಮುರೀತೀನಾ?"

"ಬೇಕು ಅಂತ ಮುರಿದಿಲ್ಲ. ಸೈಕಲ್ಲನ್ನ ಕಾರಿನ ಒಳಗೆ ತಂದ್ಯಾ, ಕಾರಿನ ತಲೆ ಮೇಲೆ ಕಟ್ಕೊಂಡು ತಂದ್ಯಾ?"

ಟಾರ್ಚು ಬಾಗಿಲ ಮೇಲಿನ ಸಿಮೆಂಟ್ ತೊಲೆಗೆ ಬೆಳಕು ಬಿಟ್ಟಳು. ಅಲ್ಲಿ ಗಾರೆ ಕೆತ್ತಿಹೋಗಿತ್ತು. ಕೆತ್ತಿದ ಜಾಗದಲ್ಲಿ ಉದ್ದಕ್ಕೆ ಒಂದು ಕೆಂಪು ಗೀರು.

"ಮೇಲೆ ಸೈಕಲ್ ಇದೆ ಅನ್ನೋದನ್ನ ಮರೆತು ಕಾರನ್ನ ಹಾಗೇ ಒಳಗೆ ನುಗ್ಗಿಸಿದೆ. ಅತ್ತಿಗೆ ಕೇಳಿದ್ದು ಅದೇ ಸದ್ದು. ತಪ್ಪು ಯಾರಿಗಾದ್ರೂ ಆಗುತ್ತೆ. ಅದನ್ನ ತಮ್ಮನ ತಲೆಗೆ ಕಟ್ಟೋಕೆ ಕೊಕ್ಕೆ ಬಿಚ್ಚಿದೆಯಲ್ಲ, ಅದು ತಪ್ಪಲ್ಲ, ಮೋಸ."

ದೊಡ್ಡವನು ಜಾಡಿಗಳ ಪಕ್ಕ ಕುಸಿದು ಕೂತ. "ಒಳಗೆ ಹೋಗೋ ಮುಂಚೆ ಮೇಲೆ ನೋಡಿ ಅಂತ ದಿನಾ ಪಾಠ ಹೇಳೋನು ನಾನು" ಎಂದ. "ಹೇಗೆ ಹೇಳ್ಲಿ? ಇವಳ ಮುಖ ನೋಡಿ ಹೇಗೆ ಹೇಳ್ಲಿ?"

"ಚಿಕ್ಕಪ್ಪನ ಮುಖ ನೋಡಿ ಸುಳ್ಳು ಹೇಳೋಕೆ ಬಂತಲ್ಲ ಅಪ್ಪ" ಎಂದಳು ಹುಡುಗಿ. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಚಿಕ್ಕವನು ತನ್ನ ನೀಲಿ ಸೈಕಲ್ಲನ್ನು ಗೋಡೆಯಿಂದ ಇಳಿಸಿದ. ಸೀಟು ತಗ್ಗಿಸಿದ, ಬ್ರೇಕು ಒತ್ತಿ ನೋಡಿದ. ಹುಡುಗಿಯ ಮುಂದೆ ತಂದು ನಿಲ್ಲಿಸಿದ.

"ನಿನ್ನದಕ್ಕಿಂತ ಭಾರ. ಇವತ್ತೂ ನಾಳೆಯೂ ತುಳಿದು ಅಭ್ಯಾಸ ಮಾಡ್ಕೋ. ನಿನಗೆ ಕೊಡ್ತಿದ್ದೀನಿ, ನಿಮ್ಮಪ್ಪನಿಗಲ್ಲ. ರೇಸಿಗೆ ಬಸ್ಸಲ್ಲಿ ಹಾಕ್ಕೊಂಡು ಹೋಗೋಣ. ಆ ಕಾರಿನ ತಲೆ ಮೇಲೆ ಇದು ಹತ್ತಬಾರದು."

ಅವಳು ಅಲ್ಲಿಂದಲೇ ಸೈಕಲ್ ಹತ್ತಿ ಬೀದಿಗೆ ಹೋದಳು. ಅಪ್ಪನ ಪಕ್ಕದಲ್ಲೇ ಹಾದಳು. ಗಂಟೆ ಬಾರಿಸಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿ ಬಂದ, ಕೈಯಲ್ಲಿ ಅಳತೆಪಟ್ಟಿ.

"ಗೋಡೆ ಎಲ್ಲಿ ಬರಬೇಕು?"

ಸೊಸೆಯರಿಬ್ಬರೂ ಒಬ್ಬರನ್ನೊಬ್ಬರು ನೋಡದೆ ಒಳಗೆ ಹೋದರು. ಚಿಕ್ಕವನು ಸ್ಕ್ರೂಡ್ರೈವರನ್ನು ಗೆರೆಯಿಂದ ಕಿತ್ತು ನೆಲದ ಮೇಲೆ ಎಸೆದು ಹೋದ.

"ಗೋಡೆ ಬೇಡಪ್ಪ" ಎಂದೆ. "ಈ ಬಾಗಿಲ ಮೇಲೆ ಗಾರೆ ಕೆತ್ತಿಹೋಗಿದೆ, ಅದನ್ನೂ ಮುಟ್ಟಬೇಡ. ಹಾಗೇ ಇರಲಿ."

ದೊಡ್ಡವನು ಈಗಲೂ ದಿನಾ ಆ ಬಾಗಿಲಿಂದಲೇ ಕಾರು ಒಳಗೆ ತರುತ್ತಾನೆ. ಬಾಗಿಲ ಮುಂದೆ ನಿಲ್ಲಿಸುತ್ತಾನೆ, ಇಳಿಯುತ್ತಾನೆ, ಮೇಲೆ ನೋಡುತ್ತಾನೆ.