ಉಮ್ಮಾಮ ಸುಮ್ಮನಾದ ಜಾಗ

“ನಿಲ್ಲಿಸು! ಈಗಲೇ ನಿಲ್ಲಿಸು ಅಂದೆ!”

ಸಫ್ನಾ ಕೂಗಿದ್ದು ಯಾರಿಗೂ ಕೇಳಲಿಲ್ಲ. ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಪರದೆಯ ಮೇಲೆ ಅವಳ ಅಜ್ಜಿ ಕೈಜಮ್ಮ ಟೊಪ್ಪಿ ಹೊಲಿಯುತ್ತಿದ್ದರು. ಆದರೆ ಕೈ ಸರಸರ, ತಲೆ ಟಕಟಕ, ಕಾಳು ಹೆಕ್ಕುವ ಕೋಳಿಯ ಹಾಗೆ. ಜೊತೆಗೆ ಡೋಲಿನ ಮ್ಯೂಸಿಕ್ ಬೇರೆ.

ಅಕ್ಷಿತ್ ಹೆಮ್ಮೆಯಿಂದ ತಿರುಗಿದ. “ಹೇಗುಂಟು? ಸ್ಪೀಡ್ ಜಾಸ್ತಿ ಮಾಡಿದೆ.”

“ಅದು ನನ್ನ ಉಮ್ಮಾಮ! ಕಾರ್ಟೂನ್ ಅಲ್ಲ!”

“ಅವರು ಅರ್ಧ ಗಂಟೆ ಹೊಲೀತಾ ಕೂತಿದ್ದಾರೆ ಮಾರಾಯ್ತಿ. ಟೀಚರ್ ಹೇಳಿದ್ದು ಐದು ನಿಮಿಷದ ಸಿನಿಮಾ. ನಾನೆಂತ ಮಾಡ್ಲಿ?”

“ಮಾತಾಡುವಾಗ ನಡುನಡುವೆ ಸುಮ್ಮನಾಗ್ತಾರಲ್ಲ, ಅದೆಲ್ಲ ಎಲ್ಲಿ?”

“ಕಟ್ ಮಾಡಿದೆ. ಸುಮ್ಮನೆ ಕೂತದ್ದನ್ನು ಯಾರು ನೋಡ್ತಾರೆ?”

ಸಫ್ನಾ ಕೈ ಚಾಚಿ ಕಂಪ್ಯೂಟರಿನ ಸ್ವಿಚ್ಚನ್ನೇ ಆಫ್ ಮಾಡಿಬಿಟ್ಟಳು.

ಡೋಲು ನಿಂತಿತು. ನಗುವೂ ನಿಂತಿತು.

“ಅಯ್ಯೋ! ಸೇವ್ ಮಾಡಿರಲಿಲ್ಲ!” ಅಕ್ಷಿತ್ ಅಳುವಂತಾದ. “ಟೀಚರ್, ನೋಡಿ ಇವಳನ್ನು!”

ಐಟಿ ಕ್ಲಬ್ ನೋಡಿಕೊಳ್ಳುವ ವಸುಮತಿ ಟೀಚರ್ ಬಂದರು. ಕಪ್ಪಾದ ಪರದೆಯನ್ನೂ ಇಬ್ಬರ ಮುಖವನ್ನೂ ನೋಡಿದರು.

“ಒರಿಜಿನಲ್ ಉಂಟಲ್ಲ?” ಎಂದರು.

ಉಂಟು. ಅದು ಟೀಚರ್ ಮೊದಲ ದಿನವೇ ಹೇಳಿಕೊಟ್ಟ ಪಾಠ. ಕ್ಯಾಮೆರಾದಿಂದ ತೆಗೆದದ್ದನ್ನು ಒಂದು ಫೋಲ್ಡರಿನಲ್ಲಿ ಹಾಗೇ ಇಡಬೇಕು. ಕತ್ತರಿಸುವುದೇನಿದ್ದರೂ ಅದರ ಕಾಪಿಯಲ್ಲಿ.

“ಅವನು ನನ್ನ ಉಮ್ಮಾಮನನ್ನು ತಮಾಷೆ ಮಾಡಿದ ಟೀಚರ್! ಶನಿವಾರ ಮೀಟಿಂಗಿಗೆ ಅವರೂ ಬರ್ತಾರೆ. ಎಲ್ಲರ ಅಪ್ಪ ಅಮ್ಮಂದಿರ ಎದುರು ಇದನ್ನು ತೋರಿಸುವುದಾ?”

“ಹೆಡ್‌ಫೋನ್ ಹಾಕು. ಒರಿಜಿನಲ್ ಮೊದಲಿನಿಂದ ಕೇಳು. ಏನೇನು ಉಳಿಸಬೇಕು ಅಂತ ಗುರುತು ಮಾಡು. ಆಮೇಲೆ ಜಗಳ ಮಾಡುವ.”

ಸಫ್ನಾ ಬುಸುಗುಡುತ್ತಲೇ ಕೂತಳು. ಪರದೆಯ ಕೆಳಗೆ ಶಬ್ದದ ಗೆರೆ ಓಡತೊಡಗಿತು. ಮಾತು ಇದ್ದಲ್ಲಿ ಗುಡ್ಡ, ಇಲ್ಲದಲ್ಲಿ ಬಯಲು. ಬಯಲುಗಳನ್ನೆಲ್ಲ ಉಳಿಸಬೇಕು, ಒಂದನ್ನೂ ಬಿಡಬಾರದು ಎಂದುಕೊಂಡಳು.

“ಉಮ್ಮಾಮ, ನೀವು ಮೊದಲು ಹೊಲಿದ ಟೊಪ್ಪಿ ಯಾರಿಗೆ?” ಹೆಡ್‌ಫೋನಿನಲ್ಲಿ ಅವಳದೇ ದನಿ.

“ಮೊದಲನೆಯದ್ದಾ...” ಉಮ್ಮಾಮನ ಸೂಜಿ ನಿಂತಿತು. ಅವರು ಕಿಟಕಿಯ ಕಡೆ ನೋಡಿದರು. ಏನೋ ಹೇಳಲು ಬಾಯಿ ತೆರೆದರು.

“ಒಂದು ಟೊಪ್ಪಿಗೆ ಎಷ್ಟು ದಿನ ಬೇಕು?” ಅದೂ ಸಫ್ನಾಳದೇ ದನಿ.

ಉಮ್ಮಾಮ ಬಾಯಿ ಮುಚ್ಚಿದರು. ಆಮೇಲೆ ದಿನಗಳ ಲೆಕ್ಕ ಹೇಳಿದರು.

ಸಫ್ನಾ ಹಿಂದಕ್ಕೆ ಹೋಗಿ ಮತ್ತೆ ಕೇಳಿದಳು. ಮುಂದೆ ಹೋಗಿಯೂ ಕೇಳಿದಳು. ಉಮ್ಮಾಮ ತಡವರಿಸಿದಲ್ಲೆಲ್ಲ ಅವಳ ಪ್ರಶ್ನೆ ಬಂದು ಬೀಳುತ್ತಿತ್ತು. ಆ ಜಾಗಗಳಲ್ಲಿ ಅಕ್ಷಿತ್ ಏನನ್ನೂ ಕತ್ತರಿಸಿರಲಿಲ್ಲ. ಕತ್ತರಿಸಲು ಅಲ್ಲಿ ಏನೂ ಉಳಿದೇ ಇರಲಿಲ್ಲ.

ಹೆಡ್‌ಫೋನಿನೊಳಗೆ ಅವಳ ಕಿವಿ ಬಿಸಿಯಾಯಿತು.

“ಎಂತ, ಸಿಕ್ಕಿತಾ ನನ್ನ ತಪ್ಪೆಲ್ಲ?” ಅಕ್ಷಿತ್ ಕೆಣಕಿದ.

“ನೀನು ಬಾಯಿ ಮುಚ್ಚು!” ಎಂದಳು ಸಫ್ನಾ. ಹೇಳಿದ ಮೇಲೆ ತಾನೇ ಬಾಯಿ ಮುಚ್ಚಿದಳು.

ಟೀಚರ್ ಬಂದಾಗ ಅವಳು ಕೇಳಿದ್ದು ಒಂದೇ. “ನನ್ನ ದನಿಯನ್ನು ತೆಗೆಯಬಹುದಾ?”

“ತೆಗೆಯಬಹುದು. ಆದರೆ ಅಲ್ಲಿ ತೂತು ಬೀಳ್ತದೆ. ಏನೂ ಶಬ್ದ ಇಲ್ಲದಿದ್ದರೆ ಸ್ಪೀಕರ್ ಹಾಳಾದ ಹಾಗೆ ಕಾಣ್ತದೆ. ತೂತು ಮುಚ್ಚಲಿಕ್ಕೆ ಆ ಕೋಣೆಯ ಸದ್ದೇ ಬೇಕು. ಕ್ಯಾಮೆರಾ ಕೊಂಡುಹೋಗು. ಅದೇ ಜಾಗದಲ್ಲಿ, ಯಾರೂ ಮಾತಾಡದೆ ಎರಡು ನಿಮಿಷ ರೆಕಾರ್ಡ್ ಮಾಡಿ ತಾ.”

ನಾಯ್ಮಾರ್ಮೂಲೆಯಲ್ಲಿ ಬಸ್ಸಿಳಿದು ಮನೆಗೆ ನಡೆಯುವಾಗಲೂ ಸಫ್ನಾಳ ಸಿಟ್ಟು ಇಳಿದಿರಲಿಲ್ಲ. ಅದನ್ನು ಯಾರ ಮೇಲೆ ತೀರಿಸುವುದು ಎಂದು ಮಾತ್ರ ಈಗ ತಿಳಿಯುತ್ತಿರಲಿಲ್ಲ. ದಾರಿಯ ಕಲ್ಲೊಂದನ್ನು ಮನೆಯವರೆಗೂ ಒದ್ದುಕೊಂಡು ಬಂದಳು.

ಉಮ್ಮಾಮ ಕಿಟಕಿಯ ಪಕ್ಕ ಕೂತಿದ್ದರು. ಮಡಿಲಲ್ಲಿ ಬಿಳಿ ಬಟ್ಟೆ, ಬಿಳಿ ನೂಲು. ತಳಂಗರೆಯ ತವರುಮನೆಯಲ್ಲಿ, ಹುಡುಗಿಯಾಗಿದ್ದಾಗ ಕಲಿತ ಹೊಲಿಗೆ. ಈಗ ಕೈಯಲ್ಲಿ ಟೊಪ್ಪಿ ಹೊಲಿಯುವವರು ಬಹಳ ಕಡಿಮೆ.

“ಮಾತಾಡದೆ ಇರುವುದನ್ನು ರೆಕಾರ್ಡ್ ಮಾಡುವುದಾ?” ಉಮ್ಮಾಮ ಮನೆಮಾತಾದ ಬ್ಯಾರಿ ಭಾಷೆಯಲ್ಲಿ ಕೇಳಿ ನಕ್ಕರು. “ನಿಮ್ಮ ಶಾಲೆಯಲ್ಲಿ ಇದನ್ನೂ ಕಲಿಸ್ತಾರಾ?”

“ಆ ಅಕ್ಷಿತ್ ನಿಮ್ಮನ್ನು ಓಡಿಸಿ ಓಡಿಸಿ ಕೋಳಿ ಮಾಡಿದ ಉಮ್ಮಾಮ! ಎಲ್ಲರೂ ನಕ್ಕರು!”

“ಕೋಳಿಯಾ? ಮೊಟ್ಟೆ ಇಟ್ಟಿತಾ?”

“ಉಮ್ಮಾಮ!”

“ಆಯ್ತು, ಆಯ್ತು. ಇನ್ನು ಮಾತಾಡುವುದಿಲ್ಲ.”

ಸಫ್ನಾ ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು ಬಟನ್ ಒತ್ತಿ ನೆಲದ ಮೇಲೆ ಕೂತಳು.

ಫ್ಯಾನು ಕಟಕಟ ಎನ್ನುತ್ತಿತ್ತು. ದೂರದಲ್ಲಿ ಬಸ್ಸೊಂದು ಹಾರ್ನ್ ಹಾಕಿತು. ಸೂಜಿ ಬಟ್ಟೆಯ ಮಡಿಕೆಯನ್ನು ದಾಟುವಾಗ ಟಪ್ ಎಂದು ಸಣ್ಣ ಸದ್ದಾಗುತ್ತಿತ್ತು. ಹುಟ್ಟಿದಾಗಿನಿಂದ ಇದೇ ಮನೆಯಲ್ಲಿದ್ದರೂ ಆ ಸದ್ದನ್ನು ಸಫ್ನಾ ಕೇಳಿರಲಿಲ್ಲ.

ಏನಾದರೂ ಕೇಳಬೇಕೆಂದು ಅವಳ ನಾಲಿಗೆ ತುರಿಸಿತು. ತುಟಿ ಕಚ್ಚಿಕೊಂಡಳು.

“ಮೊದಲನೆಯದ್ದು ಪೊಕ್ಕರ್‌ಗೆ,” ಎಂದರು ಉಮ್ಮಾಮ.

ಸಫ್ನಾ ಅಲುಗಾಡಲಿಲ್ಲ.

“ನನ್ನ ತಮ್ಮ. ನಿನಗಿಂತ ಸಣ್ಣವ. ಹಾಕಿ ನೋಡಿದರೆ ಟೊಪ್ಪಿ ಕಣ್ಣಿನವರೆಗೆ ಇಳೀತು. ಸಿಟ್ಟು ಮಾಡಿಕೊಂಡ. ತಲೆ ಬೆಳೀಲಿ ಮಾರಾಯ, ಬರುವ ಪೆರ್ನಾಲ್ ಹಬ್ಬಕ್ಕೆ ಸರಿಯಾಗ್ತದೆ ಅಂದೆ.”

ಸೂಜಿ ನಿಂತಿತು. ಉಮ್ಮಾಮ ಕಿಟಕಿಯ ಕಡೆ ನೋಡಿದರು. ಫ್ಯಾನು ತಿರುಗುತ್ತಲೇ ಇತ್ತು. ಬಹಳ ಹೊತ್ತು ಅದೊಂದೇ ಸದ್ದು.

“ಮಳೆಗಾಲದಲ್ಲಿ ಜ್ವರ ಬಂತು. ಪೆರ್ನಾಲ್‌ಗೆ ಅವನಿರಲಿಲ್ಲ.”

ಸೂಜಿ ಮತ್ತೆ ಟಪ್ ಎಂದಿತು.

ಸ್ವಲ್ಪ ಹೊತ್ತಾದ ಮೇಲೆ ಉಮ್ಮಾಮ ನೂಲನ್ನು ಹಲ್ಲಿನಿಂದ ಕಡಿದರು. “ನೋಡು, ಮಾತಾಡಿಬಿಟ್ಟೆ. ನಿನ್ನ ರೆಕಾರ್ಡಿಂಗ್ ಹಾಳಾಯ್ತಲ್ಲ!”

“ಇಲ್ಲ ಉಮ್ಮಾಮ.” ಸಫ್ನಾ ಬಟನ್ ಒತ್ತಿ ಕ್ಯಾಮೆರಾ ನಿಲ್ಲಿಸಿದಳು. “ಇದನ್ನು ಸಿನಿಮಾಕ್ಕೆ ಹಾಕಬಹುದಾ?”

ಉಮ್ಮಾಮ ಬಟ್ಟೆಯ ಮೇಲೆ ಕೈಯಾಡಿಸುತ್ತ ಯೋಚಿಸಿದರು. ಸಫ್ನಾ ಕಾದಳು.

“ಹಾಕು,” ಎಂದರು ಉಮ್ಮಾಮ. “ಅವನನ್ನೂ ನಾಲ್ಕು ಜನ ನೋಡಿದ ಹಾಗಾಯ್ತು. ಆದರೆ ಅಲ್ಲಿ ನನ್ನನ್ನು ಓಡಿಸಬೇಡಿ.”

ಮರುದಿನ ಲ್ಯಾಬಿನಲ್ಲಿ ಇಬ್ಬರೂ ಹೊಸದಾಗಿ ಶುರುಮಾಡಿದರು. ಮ್ಯೂಸಿಕ್ ಹೋಯಿತು. ಸಫ್ನಾಳ ಪ್ರಶ್ನೆಗಳೂ ಹೋದವು. ಅಕ್ಷಿತ್ ಜಾಣ. ಸೂಜಿ ಮೇಲೇಳುವ ಹೊತ್ತಿಗೇ ಕತ್ತರಿಸಿ ಮುಂದಿನ ಕ್ಲಿಪ್ಪಿಗೆ ಸೇರಿಸುತ್ತಿದ್ದ. ಜೋಡಿಸಿದ್ದು ಎಲ್ಲಿ ಎಂದು ಗೊತ್ತೇ ಆಗುತ್ತಿರಲಿಲ್ಲ. ಉಮ್ಮಾಮನ ಬ್ಯಾರಿ ಮಾತಿಗೆ ಪರದೆಯ ಕೆಳಗೆ ಕನ್ನಡ ಸಾಲು ಟೈಪ್ ಮಾಡುವುದು ಸಫ್ನಾಳ ಕೆಲಸ.

‘ಬರುವ ಪೆರ್ನಾಲ್ ಹಬ್ಬಕ್ಕೆ ಸರಿಯಾಗ್ತದೆ ಅಂದೆ’ ಎಂದು ಟೈಪ್ ಮಾಡಿ ಅವಳು ಕೈ ತೆಗೆದಳು.

ಅಕ್ಷಿತ್ ಮೌಸನ್ನು ಮುಂದೆ ಸರಿಸಿದ. “ಇಲ್ಲಿ ದೊಡ್ಡ ಬಯಲು ಉಂಟಲ್ಲ. ಕಟ್ ಮಾಡ್ಲಾ? ಇಲ್ಲದಿದ್ದರೆ ಕೆಳಗೆ ಎಂತ ಬರೀತಿ?”

ಸಫ್ನಾ ಹೆಡ್‌ಫೋನ್ ತೆಗೆದು ಅವನ ಕಿವಿಗಿಟ್ಟಳು.

ಪರದೆಯಲ್ಲಿ ಉಮ್ಮಾಮ ಕಿಟಕಿಯ ಕಡೆ ನೋಡುತ್ತಿದ್ದರು. ಅಕ್ಷಿತ್ ಕೇಳಿಸಿಕೊಳ್ಳುತ್ತ ಕೂತ. ಅವನ ಬೆರಳು ನಿಧಾನವಾಗಿ ಮೌಸಿನಿಂದ ಈಚೆಗೆ ಬಂತು.

ಕೆಳಗಿನ ಸಾಲನ್ನು ಸಫ್ನಾ ಖಾಲಿ ಬಿಟ್ಟಳು.